ಟೈರ್ ದಪ್ಪ ಆದರೆ ಸಾಕಾ? ಒಂದು ಸೈಕ್ಲೋಕ್ರಾಸ್ ಸೈಕಲ್‌ನ ಪ್ರಕರಣ

ಅಕ್ಕನ ಮಗ ತನ್ನ ಮೊದಲ ಸೈಕ್ಲೋಕ್ರಾಸ್ ರೇಸ್ (ಹುಲ್ಲು, ಕೆಸರಿನ ಸಣ್ಣ ಸುತ್ತಲ್ಲಿ ನಡೆಯೋ ಸೈಕಲ್ ರೇಸ್, ಕಷ್ಟದ ಕಡೆ ಇಳಿದು ಸೈಕಲ್ ಹೊತ್ತು ಓಡೋದೂ ಉಂಟು) ಮುಗಿಸಿದ ಸಂಜೆ ಒಂದು ಫೋಟೋ ಕಳಿಸಿದ. ಹಿಂದಿನ ಟೈರ್ ಎಲ್ಲಿದೆ ಅಂತ ಹುಡುಕಬೇಕು, ಹಾಗಿತ್ತು. ಚೈನ್‌ಸ್ಟೇಗಳ (ಹಿಂದಿನ ಚಕ್ರದ ಎರಡೂ ಪಕ್ಕದ ಫ್ರೇಮ್ ಕೊಳವೆಗಳ) ಮಧ್ಯೆ ಕೆಸರು, ಹುಲ್ಲು ಎಲ್ಲ ಸೇರಿ ಗಟ್ಟಿ ಮುದ್ದೆ ಆಗಿ ಚಕ್ರ ನಿಂತೇ ಹೋಗಿತ್ತು. ಕೊನೆಯ ಎರಡು ಲ್ಯಾಪ್ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡೇ ಓಡಿದನಂತೆ. ಫೋಟೋ ಕೆಳಗೆ ಒಂದೇ ಸಾಲು: "ಮಾಮ, ಟೈರ್ ಸರಿ ಇಲ್ಲ."

ನಾನೂ ಹೆಚ್ಚು ಯೋಚಿಸದೆ "ದೊಡ್ಡ ಬಟನ್ ಇರೋ ಮಡ್ ಟೈರ್ ಹಾಕು" ಅಂತ ಬರೆದುಬಿಟ್ಟೆ (ಬಟನ್ ಅಂದರೆ ಟೈರಿನ ಮೇಲಿನ ರಬ್ಬರ್ ಉಬ್ಬು). ಸೈಕಲ್ ನೋಡಿಲ್ಲ, ಗಾಳಿ ಎಷ್ಟಿತ್ತು ಕೇಳಿಲ್ಲ, ಯಾವ ಮಣ್ಣು ಅಂತ ಕೂಡ ಕೇಳಿಲ್ಲ. ಅವನು "ದೊಡ್ಡ" ಅನ್ನೋ ಮಾತನ್ನಷ್ಟೇ ಹಿಡಿದುಕೊಂಡು 33 ಮಿ.ಮೀ. ಟೈರ್ ತೆಗೆದು ಒಂದು ಜೊತೆ 40 ಮಿ.ಮೀ. ಟೈರ್ ತರಿಸಿದ. ಅದರ ಜೊತೆಗೆ ಏರು ಕಷ್ಟ ಆಗ್ತಿದೆ ಅಂತ 11-42 ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಗೊಂಚಲು, 11ರಿಂದ 42 ಹಲ್ಲಿನ ತನಕ) ಒಂದನ್ನೂ ತರಿಸಿದ. ಎರಡು ವಾರ ಬಿಟ್ಟು ಸೈಕಲ್ ನನ್ನ ಮುಂದೆ ಬಂದಾಗ ಗೇರ್ ಬೀಳುತ್ತಿರಲಿಲ್ಲ, ಹ್ಯಾಂಗರ್ (ಚೈನನ್ನು ಗೇರಿಂದ ಗೇರಿಗೆ ಸರಿಸೋ ಡಿರೇಲರನ್ನು ಫ್ರೇಮಿಗೆ ಹಿಡಿದಿಡೋ ತುಂಡು) ಸೊಟ್ಟಗಾಗಿತ್ತು, ಎಡಗಡೆ ಚೈನ್‌ಸ್ಟೇ ಒಳಗೆ ಬಣ್ಣ ಕಿತ್ತು ಹೊಳೆಯುತ್ತಿತ್ತು.

ಅವನ ಬೇಡಿಕೆ ಏನು ಅಂತ ಮೊದಲು ಕೂತು ಕೇಳಿದೆ. ತೂಕ 68 ಕೆ.ಜಿ. ಇರೋದು ಒಂದೇ ಸೈಕಲ್, ಒಂದೇ ಜೊತೆ ಚಕ್ರ. ಅದರಲ್ಲೇ ರೇಸೂ ಆಗಬೇಕು, ಉಳಿದ ದಿನ ಕಾಡುದಾರಿ, ಜಲ್ಲಿ ದಾರಿಯಲ್ಲಿ ನಾಲ್ಕೈದು ಗಂಟೆ ಸುತ್ತೋದಕ್ಕೂ ಆಗಬೇಕು. ಸೈಕಲ್ ಏಳೆಂಟು ವರ್ಷ ಹಳೇದು, ಕೇಬಲ್ ಡಿಸ್ಕ್ ಬ್ರೇಕ್, 11 ಸ್ಪೀಡ್ ರೋಡ್ ಶಿಫ್ಟರ್, ಮುಂದೆ 46/36 ಹಲ್ಲು, ರಿಮ್ ಒಳಗಲ 19 ಮಿ.ಮೀ. ರೇಸಲ್ಲಿ ಆದ ತೊಂದರೆ ಮೂರು: ತಿರುವಲ್ಲಿ ಮುಂದಿನ ಚಕ್ರ ಜಾರಿ ಮೂರು ಸಲ ಬಿದ್ದದ್ದು, ಒಂದು ಪಂಕ್ಚರ್, ಆಮೇಲೆ ಆ ಕೆಸರಿನ ಮುದ್ದೆ. ಅವನ ಪ್ರಕಾರ ಮೂರಕ್ಕೂ ಕಾರಣ ಟೈರ್. ನಿಜ ಹೇಳಬೇಕಂದ್ರೆ ಮೂರಕ್ಕೂ ಬೇರೆ ಬೇರೆ ಕಾರಣ ಇತ್ತು, ಅದರಲ್ಲಿ ಒಂದು ಮಾತ್ರ ಅರ್ಧಂಬರ್ಧ ಟೈರಿನದು.

ಮೊದಲು ಸಂದು ಅಳೆದೆವು. ವರ್ನಿಯರ್ ಹಿಡಿದು ಚೈನ್‌ಸ್ಟೇ ಮಧ್ಯೆ, ಟೈರ್ ಅತಿ ಅಗಲ ಇರೋ ಜಾಗದಲ್ಲಿ ನೋಡಿದರೆ 43 ಮಿ.ಮೀ. ಮುಂದಿನ ಫೋರ್ಕಲ್ಲಿ 50. ಅವನು ತಂದ 40ರ ಟೈರ್ ಈ 19ರ ರಿಮ್ ಮೇಲೆ ಗಾಳಿ ತುಂಬಿದಾಗ 38.5 ಬಂತು. ಇದು ಹೊಸಬರಿಗೆ ಗೊತ್ತಿರಲ್ಲ: ಟೈರ್ ಮೇಲೆ ಬರೆದ ಅಗಲ ಒಂದು, ನಿಮ್ಮ ರಿಮ್ ಮೇಲೆ ಬರೋ ಅಗಲ ಇನ್ನೊಂದು. ರಿಮ್ ಅಗಲ ಇದ್ದರೆ ಟೈರ್ ಉಬ್ಬುತ್ತದೆ, ಕಿರಿದಾಗಿದ್ದರೆ ಹಿಂಡಿದ ಹಾಗಾಗಿ ಬಲ್ಬಿನ ಆಕಾರಕ್ಕೆ ಬರುತ್ತದೆ. ಅದಕ್ಕೇ ಸೈಡ್‌ವಾಲ್ ಮೇಲಿನ 40-622 ಅನ್ನೋದನ್ನು ಅರ್ಧ ನಂಬಬೇಕು. 622 ಅನ್ನೋದು ಪಕ್ಕಾ, ಅದು ಟೈರಿನ ಅಂಚು ರಿಮ್ ಮೇಲೆ ಕೂರೋ ವ್ಯಾಸ (700ಸಿ, 29 ಇಂಚು ಎರಡೂ ಇದೇ, ಹೆಸರು ಮಾತ್ರ ಬೇರೆ). 40 ಅನ್ನೋದು ಅಂದಾಜು.

ಈಗ ಲೆಕ್ಕ ಹಾಕಿ. 43ರಲ್ಲಿ 38.5 ಕಳೆದರೆ ನಾಲ್ಕೂವರೆ, ಎರಡು ಕಡೆಗೆ ಹಂಚಿದರೆ ಒಂದೊಂದು ಕಡೆ ಎರಡೂಕಾಲು ಮಿ.ಮೀ. ಒಣ ದಾರಿಯಲ್ಲಿ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡರೂ ಫ್ರೇಮನ್ನು ಉಜ್ಜುತ್ತದೆ. ಏರಲ್ಲಿ ಎದ್ದು ನಿಂತು ತುಳಿದಾಗ ಚಕ್ರ ಸ್ವಲ್ಪ ಬಾಗುತ್ತದೆ, ಆಗ ಟೈರೇ ತಾಗುತ್ತದೆ. ಬಣ್ಣ ಕಿತ್ತದ್ದು ಅಲ್ಲೇ. ಹಳೆಯ 33ರಲ್ಲಿ ಒಂದೊಂದು ಕಡೆ 5 ಮಿ.ಮೀ. ಇತ್ತು, ಅದರಲ್ಲೇ ಕೆಸರು ತುಂಬಿ ಚಕ್ರ ನಿಂತಿತ್ತು! ಅಂದರೆ ಅವನು ಇದ್ದ ಜಾಗವನ್ನು ಅರ್ಧ ಮಾಡಿ, ಕೆಸರಿಗೆ ಔಷಧಿ ಅಂದುಕೊಂಡಿದ್ದ. ವರ್ನಿಯರ್ ಇಲ್ಲದಿದ್ದರೂ ಪರವಾಗಿಲ್ಲ, 5 ಮಿ.ಮೀ. ಅಲೆನ್ ಕೀ ತಗೊಂಡು ಟೈರಿಗೂ ಫ್ರೇಮಿಗೂ ಮಧ್ಯೆ ಸುತ್ತ ಎಲ್ಲಾ ಕಡೆ ತೂರಿಸಿ ನೋಡಿ. ಸಿಕ್ಕಿಕೊಂಡರೆ ಆ ಟೈರನ್ನು ಕೆಸರಿಗೆ ಇಳಿಸಬೇಡಿ. ಚೈನ್‌ಸ್ಟೇ ಮಾತ್ರ ನೋಡಿ ಸುಮ್ಮನಾಗಬೇಡಿ, ಸೀಟ್‌ಟ್ಯೂಬ್ ಹಿಂದೆ, ಫೋರ್ಕಿನ ನೆತ್ತಿಯ ಕೆಳಗೆ ಕೂಡ ನೋಡಿ.

ಅಂದ ಹಾಗೆ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ) ನಿಯಮದ ಸೈಕ್ಲೋಕ್ರಾಸ್ ರೇಸಲ್ಲಿ ಟೈರ್ 33 ಮಿ.ಮೀ.ಗಿಂತ ಅಗಲ ಇರಬಾರದು. ಸಣ್ಣ ರೇಸುಗಳಲ್ಲಿ ಎಷ್ಟೋ ಕಡೆ ಯಾರೂ ಅಳೆಯಲ್ಲ, ಆದರೂ ಆಯೋಜಕರನ್ನು ಮೊದಲೇ ಕೇಳೋದು ವಾಸಿ. ಇವನು ಮುಂದೆ ದೊಡ್ಡ ರೇಸಿಗೆ ಹೋಗೋ ಆಸೆಯಲ್ಲಿರೋದರಿಂದ ರೇಸಿಗೆ 33ರ ಟೈರ್ ಜೋಡಿ ಅಂತ ತೀರ್ಮಾನ ಆಯಿತು. ಆ ಮಿತಿ ನಮಗೆ ಒಳ್ಳೇದೇ ಆಯಿತು, ಚರ್ಚೆ ಉಳಿಸಿತು.

ಎರಡನೇದು ಗಾಳಿ. "ಎಷ್ಟು ಹಾಕಿದ್ದೆ?" ಅಂದೆ.

"ಮೂವತ್ತು ಪಿಎಸ್‌ಐ ಮಾಮ, ಎಲ್ಲರೂ ಅಷ್ಟೇ ಹಾಕೋದು."

ಅವನ ಪಂಪಿನ ಮೀಟರ್ 160ರ ತನಕ ಇತ್ತು. ಅಂಥ ಮೀಟರಲ್ಲಿ 20ರಿಂದ 40ರ ಜಾಗ ಅಂದರೆ ಬೆರಳಗಲ, ಅಲ್ಲಿ ಮುಳ್ಳು ಸರಿಯಾಗಿ ಏಳೋದೂ ಇಲ್ಲ. ಅವನ ಕೈಲೇ 30 ಹಾಕಿಸಿ ನನ್ನ ಡಿಜಿಟಲ್ ಗೇಜ್ ಹಚ್ಚಿದೆ. 39! ಅವನು ಗೇಜನ್ನು ಕಿತ್ತು ಇನ್ನೊಂದು ಸಲ ತಾನೇ ಹಚ್ಚಿ ನೋಡಿದ. ಮತ್ತೆ 39. ಜಾರುವ ಹುಲ್ಲಿನ ತಿರುವಲ್ಲಿ, 68 ಕೆ.ಜಿ. ಹುಡುಗ, 39 ಪಿಎಸ್‌ಐ. ಟೈರ್ ನೆಲಕ್ಕೆ ಒರಗೋದೇ ಇಲ್ಲ, ಕಲ್ಲಿನ ಮೇಲೆ ಗೋಲಿ ಉರುಳಿದ ಹಾಗೆ ಹೋಗುತ್ತದೆ. ಮೂರು ಸಲ ಬಿದ್ದದ್ದರಲ್ಲಿ ಎರಡು ಸಲದ್ದು ಈ ಒಂಬತ್ತು ಪಿಎಸ್‌ಐ ಲೆಕ್ಕಕ್ಕೆ ಹೋಗುತ್ತದೆ ಅಂತ ನಾನು ಈಗಲೂ ಹೇಳುತ್ತೇನೆ. ಇಡೀ ಕತೆಯಲ್ಲಿ ಅತಿ ಕಡಿಮೆ ಖರ್ಚಿನ ವಸ್ತು ಆ ಗೇಜ್, ಅತಿ ಹೆಚ್ಚು ಕೆಲಸ ಮಾಡಿದ್ದೂ ಅದೇ.

ಹಾಗಾದರೆ ಸುಮ್ನೆ ಗಾಳಿ ಇಳಿಸಿದರೆ ಆಯಿತಲ್ವಾ? ಆಗಲ್ಲ, ಒಳಗೆ ಟ್ಯೂಬ್ ಇದೆ. ಪಂಕ್ಚರ್ ಆದ ಟ್ಯೂಬನ್ನು ಅವನು ಎಸೆದಿರಲಿಲ್ಲ. ಗಾಳಿ ತುಂಬಿ ನೀರಲ್ಲಿ ಮುಳುಗಿಸಿದರೆ ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಹಾಗೆ. ಮುಳ್ಳಾದರೆ ಒಂದೇ ತೂತು. ಎರಡು ಅಂದರೆ ಟೈರ್ ಪೂರ್ತಿ ಒತ್ತಿಹೋಗಿ ಟ್ಯೂಬ್ ರಿಮ್ಮಿನ ಎರಡು ಅಂಚಿಗೆ ಸಿಕ್ಕಿ ಕತ್ತರಿಸಿದೆ ಅಂತ ಅರ್ಥ. 39ರಲ್ಲೂ ಹೀಗೆ ಆಗಿದೆ ಅಂದರೆ ಬೇರಿನ ಮೇಲೆ ಎಷ್ಟು ಜೋರಾಗಿ ಬಿಟ್ಟಿರಬೇಕು ನೋಡಿ. 25ಕ್ಕೆ ಇಳಿಸಿದರೆ ಟ್ಯೂಬ್ ಎರಡು ಲ್ಯಾಪ್ ಕೂಡ ಬಾಳಲ್ಲ. ಇಲ್ಲಿ ಟ್ಯೂಬ್‌ಲೆಸ್ ಮಾಡದೆ ಬೇರೆ ದಾರಿ ಇರಲಿಲ್ಲ. ಟ್ಯೂಬುಲರ್ ಅಂತ ಇನ್ನೊಂದಿದೆ, ರಿಮ್ಮಿಗೆ ಅಂಟಿನಲ್ಲಿ ಅಂಟಿಸೋದು, ಇನ್ನೂ ಕಡಿಮೆ ಗಾಳಿಯಲ್ಲಿ ಓಡುತ್ತದೆ, ಹತ್ತಿಯ ಕೇಸಿಂಗ್ (ರಬ್ಬರ್ ಒಳಗಿನ ಬಟ್ಟೆ) ಇದ್ದರೆ ಅದರ ಸುಖವೇ ಬೇರೆ. ಆದರೆ ಅದಕ್ಕೆ ಬೇರೆ ಥರದ ರಿಮ್ಮೇ ಬೇಕು. ಅಂಟು ಬಳಿದು ಒಣಗಿಸಿ ಮತ್ತೆ ಬಳಿಯೋದರಲ್ಲೇ ಎರಡು ಮೂರು ದಿನ ಹೋಗುತ್ತದೆ. ಒಂದೇ ಜೊತೆ ಚಕ್ರ ಇರೋನಿಗೆ ಅದು ಬೇಡ.

ರಿಮ್ ಟ್ಯೂಬ್‌ಲೆಸ್‌ಗೆ ಆಗುತ್ತದಾ ಅಂತ ನೋಡಲು ಹಳೆಯ ಪಟ್ಟಿ ಕಿತ್ತೆವು. ಒಳಗೆ ಟೈರಿನ ಅಂಚು ಕೂರೋ ಮೆಟ್ಟಿಲು, ಅದರ ಒಳಬದಿಗೆ ಸಣ್ಣ ದಿಬ್ಬ, ಮೇಲೆ ಟೈರಿನ ಅಂಚನ್ನು ಹಿಡಿಯೋ ಕೊಕ್ಕೆ, ಎಲ್ಲ ಇತ್ತು. (ಕೊಕ್ಕೆ ಇಲ್ಲದ ರಿಮ್ ಇದ್ದರೆ ಇನ್ನಷ್ಟು ಹುಷಾರು. ಅದಕ್ಕೆ ಒಪ್ಪುವ ಟ್ಯೂಬ್‌ಲೆಸ್ ಟೈರೇ ಬೇಕು, ಗಾಳಿ 5 ಬಾರ್, ಅಂದರೆ 72 ಪಿಎಸ್‌ಐ ದಾಟಬಾರದು. ಸೈಕ್ಲೋಕ್ರಾಸಲ್ಲಿ ಅಷ್ಟಕ್ಕೆ ಯಾರೂ ಹೋಗಲ್ಲ ಬಿಡಿ.) ರಿಮ್ಮನ್ನು ಸ್ಪಿರಿಟ್ ಹಾಕಿ ಒರೆಸಿ, ಒಳಗಲಕ್ಕಿಂತ 2 ಮಿ.ಮೀ. ಜಾಸ್ತಿ ಇರೋ ಟೇಪನ್ನು ಎಳೆದು ಬಿಗಿಯಾಗಿ ಸುತ್ತಿದೆವು. ಮೊದಲ ಸಲ ಅವನು ಮಧ್ಯೆ ಒಂದು ಗುಳ್ಳೆ ಬಿಟ್ಟ. "ಅಷ್ಟೇ ತಾನೆ ಮಾಮ" ಅಂದ. ರಾತ್ರಿ ಹಾಕಿದ ಗಾಳಿ ಬೆಳಿಗ್ಗೆ ಹೋಗಿತ್ತು. ಸೋಪಿನ ನೀರು ಹಚ್ಚಿದರೆ ವಾಲ್ವ್ ಬುಡದಲ್ಲಿ ಗುಳುಗುಳು. ಗುಳ್ಳೆಯ ಗುಂಟ ಗಾಳಿ ರಿಮ್ ಒಳಗೆ ನುಗ್ಗಿ ವಾಲ್ವ್ ತೂತಿಂದ ಹೊರಗೆ ಬರ್ತಿತ್ತು. ಟೇಪ್ ಕಿತ್ತು ಮತ್ತೆ ಸುತ್ತಿದ, ಈ ಸಲ ಹೆಬ್ಬೆರಳು ನೋಯುವ ತನಕ ಒತ್ತಿದ.

ಟೈರ್ ಕೂರಿಸೋದಕ್ಕೆ ವಾಲ್ವಿನ ಒಳಗಿನ ಕೋರ್ ಬಿಚ್ಚಿ ಇಡಿ, ಗಾಳಿ ಒಮ್ಮೆಲೇ ನುಗ್ಗಬೇಕು. ಟಪ್, ಟಪ್ ಅಂತ ಎರಡು ಸದ್ದು ಬಂದರೆ ಎರಡೂ ಅಂಚು ಕೂತವು ಅಂತ. ಆಮೇಲೆ ಅದೇ ದಾರಿಯಲ್ಲಿ 40 ಮಿ.ಲೀ. ಸೀಲೆಂಟ್ (ಸಣ್ಣ ತೂತನ್ನು ತಾನೇ ಮುಚ್ಚೋ ದ್ರವ) ಬಿಟ್ಟು, ಕೋರ್ ಹಾಕಿ, ಚಕ್ರವನ್ನು ಅಡ್ಡ ಹಿಡಿದು ಎರಡೂ ಮಗ್ಗುಲಿಗೆ ಅಲ್ಲಾಡಿಸಿ. ಸೀಲೆಂಟ್ ಎರಡು ಮೂರು ತಿಂಗಳಿಗೆ ಒಣಗುತ್ತಾ ಬರುತ್ತದೆ, ಬಿಸಿಲಲ್ಲಿ ಇನ್ನೂ ಬೇಗ. ಹಾಕಿ ಮರೆತುಬಿಡೋ ವಸ್ತು ಅಲ್ಲ ಅದು.

ಈಗ ಬಟನ್ ವಿಷಯಕ್ಕೆ ಬರೋಣ, ಜನ ಜಾಸ್ತಿ ತಲೆ ಕೆಡಿಸಿಕೊಳ್ಳೋದು ಇಲ್ಲೇ. ಅವನ ಹಳೆಯ 33 ಫೈಲ್ ಟ್ರೆಡ್, ಅಂದರೆ ಅರದ ಮೈ ಥರ ನಡುವೆ ಸಣ್ಣ ಸಣ್ಣ ಗೀರು, ಅಂಚಿಗೆ ಇದ್ದೂ ಇಲ್ಲದ ಹಾಗೆ ಬಟನ್. ಗಟ್ಟಿ ನೆಲ, ಒಣಹುಲ್ಲಲ್ಲಿ ಅದು ಬಾಣದ ಹಾಗೆ ಹೋಗುತ್ತದೆ, ಮರಳಲ್ಲೂ ಕೆಟ್ಟದ್ದಲ್ಲ. ಒದ್ದೆ ಹುಲ್ಲಿನ ಓರೆ ಇಳಿಜಾರಲ್ಲಿ ಅಂಚಿಗೆ ಕಚ್ಚೋಕೆ ಏನೂ ಇಲ್ಲ, ಮುಂದಿನ ಚಕ್ರ ಹೇಳದೇ ಕೇಳದೇ ಹೋಗಿಬಿಡುತ್ತದೆ. ಮೂರನೇ ಸಲ ಬಿದ್ದದ್ದು ಇದರಿಂದ. ಹಾಗಂತ ಎರಡೂ ಕಡೆ ಮಡ್ ಟೈರ್ ಬೇಕಾ? ಮಡ್ ಟೈರಿನಲ್ಲಿ ಬಟನ್ ಎತ್ತರ, ದೂರ ದೂರ. ದೂರ ಇರೋದೇ ಮುಖ್ಯ, ಚಕ್ರ ತಿರುಗುವಾಗ ಮಧ್ಯದ ಮಣ್ಣು ಸಿಡಿದು ಹೋಗಬೇಕು. ಆದರೆ ನೀರು ಕೆಸರು ಬೇರೆ, ಅಂಟು ಜೇಡಿ ಬೇರೆ. ನೀರು ಕೆಸರಲ್ಲಿ ಎತ್ತರದ ಬಟನ್ ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ, ಉದುರುತ್ತದೆ. ಹುಲ್ಲು ಬೆರೆತ ಅಂಟು ಜೇಡಿಯಲ್ಲಿ ಯಾವ ಬಟನ್ನೂ ಪೂರ್ತಿ ಉದುರಿಸಲ್ಲ, ಮಣ್ಣು ಟೈರಿನ ಮೇಲೆ ಹೊತ್ತುಕೊಂಡು ಫ್ರೇಮ್ ತನಕ ಬಂದೇ ಬರುತ್ತದೆ. ಅಲ್ಲಿ ಉಳಿಸೋದು ಸಂದು ಮಾತ್ರ. ಅವನ ಫೋಟೋದಲ್ಲಿದ್ದದ್ದು ಅಂಟು ಜೇಡಿ, ನಾನು ಹೇಳಿದ ಮಡ್ ಟೈರಿಂದ ಅದಕ್ಕೆ ಏನೂ ಆಗ್ತಿರಲಿಲ್ಲ.

ಇದ್ದ ಸಂದು ಹೆಚ್ಚಿಸೋಕಂತೂ ಆಗಲ್ಲ. ದಾರಿ ಬದಲಿಸಬಹುದು: ಜೇಡಿ ತುಂಬೋ ಮೊದಲೇ ಇಳಿದು ಹೆಗಲಿಗೆ ಹಾಕಿಕೊಂಡು ಓಡೋದು, ತುಳಿದ ಸಾಲು ಬಿಟ್ಟು ನೀರು ನಿಂತ ಕಡೆ ಹೋಗೋದು. ಕೇಳೋಕೆ ತಮಾಷೆ ಅನಿಸಬಹುದು, ಆದರೆ ನೀರಲ್ಲಿ ಹೋದರೆ ಚಕ್ರ ತೊಳೆದ ಹಾಗೆ ಆಗುತ್ತದೆ. ದೊಡ್ಡ ರೇಸಲ್ಲಿ ಪಿಟ್‌ನಲ್ಲಿ ಇನ್ನೊಂದು ಸೈಕಲ್ ಇಟ್ಟುಕೊಂಡು ಬದಲಾಯಿಸುತ್ತಲೇ ಇರುತ್ತಾರೆ, ಒಂದು ಓಡುವಾಗ ಇನ್ನೊಂದನ್ನು ತೊಳೆಯುತ್ತಾರೆ. ನಮ್ಮ ಹುಡುಗನಿಗೆ ಆ ಭಾಗ್ಯ ಇಲ್ಲ.

ಕೊನೆಗೆ ಮುಂದೆ ಮಧ್ಯಮ ಬಟನ್, ಅಂಚಿನಲ್ಲಿ ಬಲವಾದ ಬಟನ್, ಮೆತ್ತನೆ ರಬ್ಬರ್ ಇರೋ 33. ಹಿಂದೆ ನಡುವೆ ಒತ್ತಾದ ಸಣ್ಣ ಬಟನ್, ಸ್ವಲ್ಪ ಗಟ್ಟಿ ರಬ್ಬರ್ ಇರೋ 33. ಹಿಂದಿನದು ಜಾರಿದರೆ ಸಂಭಾಳಿಸಬಹುದು, ಮುಂದಿನದು ಜಾರಿದರೆ ನೆಲ ಸೇರಿದಂತೆಯೇ. ಎರಡೂ 120 ಟಿಪಿಐ (ಒಂದು ಇಂಚಿಗೆ ಎಷ್ಟು ದಾರ ಅನ್ನೋ ಲೆಕ್ಕ) ಕೇಸಿಂಗ್. 60ರದ್ದಾದರೆ ದಪ್ಪ ದಾರ, ಗಟ್ಟಿಮುಟ್ಟು, ಆದರೆ ಕಡಿಮೆ ಗಾಳಿಯಲ್ಲೂ ಬಿರುಸಾಗಿರುತ್ತದೆ. 120 ಬಾಗುತ್ತದೆ, ನೆಲಕ್ಕೆ ಒಗ್ಗುತ್ತದೆ, ಚೂಪು ಕಲ್ಲಿಗೆ ಸೈಡ್‌ವಾಲ್ ಬೇಗ ಹರಿಯುತ್ತದೆ ಅನ್ನೋದೂ ನಿಜ. ಬಾಣದ ಗುರುತು ನೋಡಿ ಹಾಕೋ ಅಂತ ಹೇಳಿದರೂ ಮುಂದಿನದನ್ನು ಉಲ್ಟಾ ಹಾಕಿ, ಮತ್ತೆ ಬಿಚ್ಚಿ, ಕೈ ತುಂಬ ಸೀಲೆಂಟ್ ಮಾಡಿಕೊಂಡ.

ಗಾಳಿ ಎಷ್ಟು ಅಂತ ಮೈದಾನದಲ್ಲೇ ಹುಡುಕಿದೆವು. ಬೇರು, ಒಂದು ಮೆಟ್ಟಿಲು, ಓರೆ ತಿರುವು ಇರೋ ಸಣ್ಣ ಸುತ್ತು. 30ರಿಂದ ಶುರು, ಪ್ರತಿ ಸುತ್ತಿಗೆ 1 ಪಿಎಸ್‌ಐ ಇಳಿಸು, ಪ್ರತಿ ಸಲವೂ ಗೇಜ್. 27ಕ್ಕೆ ಬಂದಾಗ ಅವನ ಮುಖ ಬದಲಾಯಿತು, ತಿರುವಲ್ಲಿ ಬ್ರೇಕ್ ಹಿಡಿಯೋದು ಬಿಟ್ಟ. 22ಕ್ಕೆ ಬೇರಿನ ಮೇಲೆ ಹಿಂದಿನ ರಿಮ್ ಠಣ್ ಅಂತು. 21ರಲ್ಲಿ ಮುಂದಿನ ಟೈರ್ ತಿರುವಲ್ಲಿ ಮಗ್ಗುಲಾಗಿ ಬುಸ್ ಅಂತ ಗಾಳಿ ಕಾರಿತು, ಅಂಚು ಒಂದು ಕ್ಷಣ ರಿಮ್ ಬಿಟ್ಟಿತ್ತು. ಅಲ್ಲಿಂದ ಎರಡೆರಡು ಮೇಲೆ ಬಂದು, ಮುಂದೆ 23, ಹಿಂದೆ 24 ಅಂತ ಗುರುತು ಹಾಕಿದೆವು. ಮೈಮೇಲೆ ಕೆ.ಜಿ. ಜಾಸ್ತಿ ಇದ್ದವರಿಗೆ ಈ ಅಂಕಿ ಆಗಲ್ಲ, ಸುಮ್ನೆ ನಕಲು ಮಾಡಬೇಡಿ.

ಇನ್ನು ಗೇರು. 11-42 ಕ್ಯಾಸೆಟ್ ಹಾಕಿ ಲಾಕ್‌ರಿಂಗ್ ಪೂರ್ತಿ ಬಿಗಿ ಮಾಡಿದ್ದನಂತೆ, ಆದರೂ ಕೈಲಿ ಹಿಡಿದರೆ ಕಟಕಟ ಅಂತ ಅಲ್ಲಾಡ್ತಿತ್ತು. ಕಾರಣ ಬರೀ ಒಂದು ಬಳೆ. 11 ಸ್ಪೀಡ್ ರೋಡ್ ಫ್ರೀಹಬ್ (ಚಕ್ರದಲ್ಲಿ ಕ್ಯಾಸೆಟ್ ಕೂರೋ ಭಾಗ) 1.85 ಮಿ.ಮೀ. ಜಾಸ್ತಿ ಉದ್ದ, ಅವನು ತಂದ ಎಂಟಿಬಿ (ಮೌಂಟನ್ ಬೈಕ್) ಕ್ಯಾಸೆಟ್ ಹಳೆಯ ಗಿಡ್ಡ ಫ್ರೀಹಬ್‌ಗೆ ಮಾಡಿದ್ದು, ಆದ್ದರಿಂದ ಹಿಂದೆ 1.85ರ ಸ್ಪೇಸರ್ ಹಾಕಲೇಬೇಕು. ಅದು ಡಬ್ಬದ ತಳದಲ್ಲೇ ಬಿದ್ದಿತ್ತು! ಹಾಕಿ 40 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿದೆ, ಅಲುಗಾಟ ನಿಂತಿತು. ಆದರೆ ಅಸಲಿ ರೋಗ ಡಿರೇಲರ್. 28 ಹಲ್ಲಿಗೆ ಅಂತ ಮಾಡಿದ ಗಿಡ್ಡ ಕೇಜಿನ ರೋಡ್ ಡಿರೇಲರ್, ಬಿ-ಸ್ಕ್ರೂ (ಡಿರೇಲರನ್ನು ಕ್ಯಾಸೆಟ್‌ನಿಂದ ದೂರ ಸರಿಸೋ ತಿರುಪು) ಕೊನೆ ತನಕ ತಿರುಗಿಸಿದರೂ ಅದರ ಮೇಲಿನ ಪುಟ್ಟ ಚಕ್ರ 42ರ ಹಲ್ಲಿಗೆ ಉಜ್ಜುತ್ತಿತ್ತು. ಹುಲ್ಲು ಸಿಕ್ಕಿ ಎಳೆದಾಗ ಹ್ಯಾಂಗರ್ ಬಾಗಿದೆ. ಬಾಗಿದ್ದು ಒಳ್ಳೇದೇ ಆಯಿತು, ಅದಿಲ್ಲದಿದ್ದರೆ ಫ್ರೇಮ್ ಹೋಗ್ತಿತ್ತು.

"ಎಂಟಿಬಿ ಡಿರೇಲರ್ ಹಾಕೋಣ ಮಾಮ, ನನ್ನ ಗೆಳೆಯನ ಹತ್ತಿರ ಹಳೇದು ಇದೆ." ಬೇಡ ಅಂದೆ. ಶಿಮಾನೊ 11 ಸ್ಪೀಡಲ್ಲಿ ರೋಡ್ ಶಿಫ್ಟರ್ ಒಂದು ಕ್ಲಿಕ್ಕಿಗೆ ಎಳೆಯೋ ಕೇಬಲ್ ಬೇರೆ, ಎಂಟಿಬಿ ಡಿರೇಲರ್ ಕೇಳೋ ಕೇಬಲ್ ಬೇರೆ. ಎರಡು ಗೇರ್ ಸರಿ ಮಾಡಿದರೆ ಮೂರನೇದು ತಪ್ಪುತ್ತದೆ. ಜಿಆರ್‌ಎಕ್ಸ್ ಆರ್‌ಎಕ್ಸ್812 ಅನ್ನೋ ಶಿಮಾನೊ ಡಿರೇಲರ್ ರೋಡ್ ಶಿಫ್ಟರ್ ಜೊತೆ ಹೊಂದುತ್ತದೆ, 42 ಹಲ್ಲು ತಡೆಯುತ್ತದೆ, ಮುಂದೆ ಒಂದೇ ಚೈನ್‌ರಿಂಗ್ ಇರಬೇಕು. ಹಾಗಾಗಿ 46/36 ತೆಗೆದು 40 ಹಲ್ಲಿನ ನ್ಯಾರೋ-ವೈಡ್ ಹಾಕಿದೆವು, ಅದರ ಹಲ್ಲು ಒಂದು ದಪ್ಪ ಒಂದು ತೆಳು, ಚೈನಿನ ಅಗಲ ಕಿರಿದು ಕೊಂಡಿಗಳಿಗೆ ಸರಿಯಾಗಿ ಕೂರುತ್ತದೆ. ಡಿರೇಲರ್‌ನಲ್ಲಿ ಚೈನನ್ನು ಬಿಗಿಯಾಗಿ ಹಿಡಿಯೋ ಕ್ಲಚ್ ಇದೆ, ಗುಂಡಿಯಲ್ಲಿ ಎಗರಿದರೂ ಚೈನ್ ಬಡಿಯಲ್ಲ, ಬೀಳಲ್ಲ. ಚಕ್ರ ಬಿಚ್ಚುವಾಗ ಕ್ಲಚ್ ಆಫ್ ಮಾಡಬೇಕು, ಮತ್ತೆ ಆನ್ ಮಾಡೋದು ಮರೀಬಾರದು. ಇವನು ಎರಡು ಸಲ ಮರೆತಿದ್ದಾನೆ.

ಲಾಭ ಎಷ್ಟು? ಮೊದಲು ಅತಿ ಹಗುರ ಗೇರ್ 36ಕ್ಕೆ 28 (ಮುಂದೆ 36 ಹಲ್ಲು, ಹಿಂದೆ 28), ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 10 ಕಿ.ಮೀ. ಈಗ 40ಕ್ಕೆ 42, ಅದೇ ತುಳಿತಕ್ಕೆ ಏಳೂವರೆ. ಕಡಿದಾದ ಏರಲ್ಲಿ ಆ ಎರಡೂವರೆ ಕಿ.ಮೀ. ಅಂದರೆ ತುಳಿಯೋದಾ, ಇಳಿದು ತಳ್ಳೋದಾ ಅನ್ನೋ ವ್ಯತ್ಯಾಸ. ಮೇಲ್ಗಡೆ 90 ಸುತ್ತಿಗೆ ಮೊದಲು 49 ಸಿಗ್ತಿತ್ತು, ಈಗ 42. ಟಾರ್ ರಸ್ತೆಯ ಇಳಿಜಾರಲ್ಲಿ ಕಾಲು ಗಿರಗಿರ ಅನ್ನುತ್ತದೆ, ಕಾಡುದಾರಿಯಲ್ಲಿ ಅದರ ನೆನಪೂ ಬರಲ್ಲ. ಗೇರಿನ ಮಧ್ಯೆ ಅಂತರ ಜಾಸ್ತಿ ಆಯಿತು ಅಂತ ಅವನಿಗೆ ಸಣ್ಣ ಬೇಸರ ಇದೆ, ಅದು ನ್ಯಾಯವೇ.

ಬ್ರೇಕ್ ಬಗ್ಗೆ ಅವನು ಏನೂ ಹೇಳಿರಲಿಲ್ಲ, ನಾನೇ ಪ್ಯಾಡ್ ತೆಗೆದು ನೋಡಿದೆ. ಹಿಂದಿನದು ಕಬ್ಬಿಣಕ್ಕೆ ಬಂದಿತ್ತು. ಮರಳು ಬೆರೆತ ಕೆಸರಲ್ಲಿ ರೆಸಿನ್ ಪ್ಯಾಡ್ (ಮೆತ್ತನೆಯದು) ಒಂದೇ ರೇಸಿಗೆ ತೀರಿಹೋಗಬಹುದು. ಸಿಂಟರ್ಡ್ ಪ್ಯಾಡ್ (ಲೋಹದ ಪುಡಿಯ ಗಟ್ಟಿ ಪ್ಯಾಡ್) ಹಾಕೋಣ ಅಂದರೆ ರೋಟರ್ (ಬ್ರೇಕಿನ ತಟ್ಟೆ) ಮೇಲೆ ಸಣ್ಣ ಅಕ್ಷರದಲ್ಲಿ "ರೆಸಿನ್ ಪ್ಯಾಡ್ ಓನ್ಲಿ" ಅಂತ ಕೆತ್ತಿದೆ. ಆ ಉಕ್ಕು ಮೆತ್ತಗೆ, ಸಿಂಟರ್ಡ್ ಅದನ್ನು ತಿಂದುಬಿಡುತ್ತದೆ. ರೋಟರ್ ಎರಡೂ ಬದಲಾಯಿಸಿದೆವು, ಅಳತೆ ಅದೇ 160 ಮಿ.ಮೀ. ಕೇಬಲ್ ಬ್ರೇಕನ್ನು ಹಾಗೇ ಬಿಟ್ಟೆ. ಎಣ್ಣೆ ಬ್ರೇಕ್ ಚೆನ್ನಾಗಿರುತ್ತದೆ, ಆದರೆ ಅದಕ್ಕೆ ಶಿಫ್ಟರ್ ಸಮೇತ ಬದಲಾಗಬೇಕು, ಈಗ ಅದರ ಅವಸರ ಇಲ್ಲ.

ಮುಂದಿನ ರೇಸಲ್ಲಿ ಮಳೆ ಬಂತು. ಒಂದು ಸಲ ಬಿದ್ದ, ಅದೂ ಅಡ್ಡಹಲಗೆ ಹಾರುವಾಗ ಕಾಲು ಸಿಕ್ಕಿ, ಅದಕ್ಕೆ ಸೈಕಲ್ ಏನು ಮಾಡುತ್ತದೆ. ಪಂಕ್ಚರ್ ಇಲ್ಲ. ಜೇಡಿ ಬಂದ ಕಡೆ ಇಳಿದು ಓಡಿದ, ಚಕ್ರ ನಿಲ್ಲಲಿಲ್ಲ, ಆದರೆ ಉಜ್ಜೋ ಸದ್ದು ಕೊನೆ ತನಕ ಇತ್ತಂತೆ. ಅದು ಆ ಫ್ರೇಮ್ ಇರೋ ತನಕ ಇರುತ್ತದೆ.

ಸುತ್ತಾಟಕ್ಕೆ ಈಗ ಬೇರೆ ಜೊತೆ ಟೈರ್. ಫೋರ್ಕಲ್ಲಿ 50 ಇದೆಯಲ್ಲ, 38.5 ಕಳೆದರೂ ಎರಡೂ ಕಡೆ ಐದೂವರೆ ದಾಟುತ್ತದೆ, ಹಾಗಾಗಿ ಅವನು ತಂದ 40ರಲ್ಲಿ ಒಂದು ಮುಂದಕ್ಕೆ ಹೋಯಿತು. ಹಿಂದಕ್ಕೆ 35, ಅದೂ ಒಣ ದಿನಗಳಲ್ಲಿ ಮಾತ್ರ. ಇನ್ನೊಂದು 40 ಗೋಡೆಯ ಮೊಳೆಗೆ ತೂಗುಹಾಕಿದೆ. ಬಂದಾಗಲೆಲ್ಲ ಅದನ್ನು ಮುಟ್ಟಿ ನೋಡುತ್ತಾನೆ. "ಮಾಮ, ಹಿಂದೆ 45 ಹಿಡಿಸೋ ಫ್ರೇಮ್ ಒಂದು ನೋಡಿದ್ದೀನಿ" ಅಂದ ಮೊನ್ನೆ. ವರ್ನಿಯರ್ ತಗೊಂಡು ಹೋಗಿ ನೀನೇ ಅಳೆದು ಬಾ ಅಂದೆ.